ತಾಯಿಯ ತಟ್ಟೆಯಲ್ಲಿ ಏನಿದೆ?



ಯಾಯೀರನ ಮಗಳ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಅದನ್ನು ಓದುತ್ತೇವೆ. ತೀರಿಕೊಂಡಿದ್ದ ಹನ್ನೆರಡು ವರ್ಷದ ಬಾಲಕಿಯನ್ನು ಯೇಸುಸ್ವಾಮಿ ಕೈಹಿಡಿದು ಎಬ್ಬಿಸಿದರು. ಮನೆಯವರು ಬೆರಗಾಗಿ ನಿಂತಿದ್ದರು. ಆಗ ಪ್ರಭು ಏನು ಹೇಳಿದರು? ಆ ಮಗುವಿಗೆ ಉಣ್ಣಲು ಕೊಡಬೇಕೆಂದು. ಮರಣವನ್ನು ಗೆದ್ದವರಿಗೆ ಮಗುವಿನ ಹಸಿವೂ ನೆನಪಿತ್ತು. ಪವಾಡವನ್ನು ತಾವು ಮಾಡಿದರು, ಉಣಿಸುವ ಕೆಲಸವನ್ನು ಮನೆಯವರಿಗೆ ಒಪ್ಪಿಸಿದರು.

ಆ ಕೆಲಸವನ್ನು ನಾವು ಹೇಗೆ ಮಾಡುತ್ತಿದ್ದೇವೆ? ಮದಕರಿಪುರವಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಾಗಲಿ, ಅನೇಕ ಮನೆಗಳ ರೂಢಿ ಒಂದೇ. ಮೊದಲು ಗಂಡಸರು, ಆಮೇಲೆ ಮಕ್ಕಳು, ಕಡೆಗೆ ತಾಯಿ. ಸಾರಿನ ಕಾಳೆಲ್ಲ ಮುಗಿದು ತಿಳಿ ಉಳಿದಾಗ ಅವಳ ಸರದಿ. ಇದನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುತ್ತೇವೆ. ಅದರ ಫಲವೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಆಯಾಸ, ತಲೆಸುತ್ತು, ಏದುಸಿರು ಹೆಂಗಸರಿಗೆ ಇದ್ದದ್ದೇ ಎಂದು ತಳ್ಳಿಹಾಕಿದರೆ, ಹೆರಿಗೆಯ ಹೊತ್ತಿಗೆ ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ ಬರಬಹುದು. ತಾನಾಗಿ ಮಾಡಿದ ತ್ಯಾಗ ಪುಣ್ಯವೇ ಸರಿ. ಆದರೆ ಮನೆಮಂದಿಯೆಲ್ಲ ಸೇರಿ ಒಬ್ಬಳ ಮೇಲೆ ಹೊರಿಸಿದ ಹಸಿವು ತ್ಯಾಗವಲ್ಲ, ಅನ್ಯಾಯ.

ಇಂಥ ಮನೆಗೂ ಜಾಹೀರಾತು ನೋಡಿ ತಂದ ಪುಡಿಯ ಡಬ್ಬಿ ಬರುತ್ತದೆ. ಅನೇಕ ಡಬ್ಬಿಗಳಲ್ಲಿ ಸಕ್ಕರೆಯೇ ಹೆಚ್ಚು. ಇಂಥ ಪೇಯಗಳನ್ನು ‘ಆರೋಗ್ಯ ಪಾನೀಯ’ವೆಂಬ ಹೆಸರಿನಡಿ ಮಾರಬಾರದೆಂದು ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಡಬ್ಬಿಗೆ ಹಣ ಸುರಿಯುವ ಮುನ್ನ ನಮ್ಮ ಹೊಲಗಳ ಕಡೆ ನೋಡೋಣ. ಮಳೆ ಕಡಿಮೆಯಾದ ಈ ಸೀಮೆಗೂ ದೇವರು ರಾಗಿ, ನವಣೆ, ಸಾವೆ, ಶೇಂಗಾ ಕೊಟ್ಟಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಹುರುಳಿ, ಹೆಸರುಕಾಳು, ಶೇಂಗಾ ಮೈಕಟ್ಟಿಗೆ ಬೇಕಾದ ಪ್ರೋಟೀನ್ ಕೊಡುತ್ತವೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಹಾಲು, ಮೊಟ್ಟೆ ಕೈಲಾದಷ್ಟು ಇರಲಿ. ಅದರಲ್ಲಿ ತಾಯಿಗೂ ಪಾಲಿರಲಿ.

ಹಾಗೆಂದು ಮಾತ್ರೆಯೇ ಬೇಡವೆಂದಲ್ಲ. ಪ್ರಾರ್ಥನೆ ಮಾಡುವವರಿಗೆ ಔಷಧವೇಕೆ ಎನ್ನುವವರೂ ಇದ್ದಾರೆ. ವೈದ್ಯನೂ ಔಷಧವೂ ದೇವರಿಂದಲೇ ಬಂದವೆಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಕಲಿಸುತ್ತದೆ. ರಕ್ತ ತೀರಾ ಕಡಿಮೆಯಾದ ಮೇಲೆ ಊಟವೊಂದರಿಂದಲೇ ಅದನ್ನು ತುಂಬುವುದು ಕಷ್ಟ. ಆದ್ದರಿಂದಲೇ ಸರ್ಕಾರ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಹೆದರಿ ಅದನ್ನು ಗೂಡಿನಲ್ಲಿ ಬಚ್ಚಿಡಬೇಡಿ. ಈ ಮಾತ್ರೆಯಿಂದ ಮಲದ ಬಣ್ಣ ಕಪ್ಪಾಗುವುದು ಸಹಜ. ಹೊಟ್ಟೆಗೆ ಒಗ್ಗದಿದ್ದರೆ ಊಟವಾದ ಮೇಲೆ ನುಂಗಿ. ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಗಳ ಜೊತೆ ಬೇಡ. ನೀವಾಗಿ ನಿಲ್ಲಿಸುವ ಮುನ್ನ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಮಾತ್ರೆಗಳು ಚಿಕ್ಕ ಮಕ್ಕಳ ಕೈಗೆ ಸಿಗದಂತಿರಲಿ. ಅವರು ಹೆಚ್ಚು ನುಂಗಿದರೆ ಪ್ರಾಣಾಪಾಯ. ಇತರ ಟಾನಿಕ್ಕು, ವಿಟಮಿನ್‌ಗಳನ್ನು ನೆರೆಮನೆಯವರ ಮಾತು ಕೇಳಿ ಕೊಳ್ಳಬೇಡಿ. ಕೊರತೆ ಇದೆಯೆಂದು ವೈದ್ಯರು ಹೇಳಿದರೆ ಮಾತ್ರ ಸೇವಿಸಿ.

ಪ್ರಿಯರೇ, ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವಾಗ ದೊಡ್ಡವರು ಚಿಕ್ಕವರು, ಗಂಡು ಹೆಣ್ಣು ಎಂಬ ಭೇದವಿಲ್ಲ. ದೇವಾಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು, ಮನೆಯಲ್ಲಿ ತಾಯಿಯನ್ನು ಒಲೆಯ ಮುಂದೆ ಒಂಟಿಯಾಗಿ ಕೂರಿಸುವುದು ಸರಿಯೇ? ಇಂದು ರಾತ್ರಿ ಜಪಸರ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಗಂಡಂದಿರೇ, ಮಕ್ಕಳೇ, ಬಿಸಿ ಮುದ್ದೆಯನ್ನು, ಗಟ್ಟಿ ಸಾರನ್ನು ಮೊದಲು ಆಕೆಯ ತಟ್ಟೆಗೆ ಬಡಿಸಿ. ಆ ಊಟವನ್ನು ಪ್ರಭು ಆಶೀರ್ವದಿಸಲಿ.