ಮೊಟಕು ಹೆಸರಿಗೆ ಶಕ್ತಿ ಎಲ್ಲಿಂದ?

ಹೆಸರಿಗೆ ಶಕ್ತಿ ಇದೆ ಎಂದು ಶಾಸ್ತ್ರವೇ ಹೇಳಿದೆ ಎನ್ನುವ ಮಾತು ಬೆಳಗ್ಗೆ ಟೀವಿ ಹಚ್ಚಿದರೆ ಕಿವಿಗೆ ಬೀಳುತ್ತದೆ. ಇಂಗ್ಲಿಷಿನ ಒಂದು ‘ಎ’ ಹೆಚ್ಚಿಸಿ, ಒಂದು ‘ಹೆಚ್’ ತುರುಕಿ, ಕೂಡಿ ಕಳೆದು ಮಗುವಿನ ಭವಿಷ್ಯ ತಿದ್ದಿಕೊಡುವವರ ಬಂಡವಾಳವೇ ಅದು. ಅವರನ್ನು ಹೀಗಳೆಯುವ ವಿಚಾರವಂತರದು ಇನ್ನೊಂದು ತುದಿ: ಹೆಸರು ಬರೀ ಗುರುತು, ಕೂಗಿದರೆ ತಿರುಗಿ ನೋಡಿದರಾಯಿತು. ಶಾಸ್ತ್ರ ಹೇಳಿದ್ದು ಎರಡನ್ನೂ ಅಲ್ಲ. ನ್ಯಾಯಶಾಸ್ತ್ರದವರಾದ ನೈಯಾಯಿಕರಿಗೆ ಶಕ್ತಿ ಎಂದರೆ ಪದಕ್ಕೂ ಅದು ತಿಳಿಸುವ ವಸ್ತುವಿಗೂ ಇರುವ ನಂಟು. ಈ ಪದದಿಂದ ಇದು ತಿಳಿಯಲಿ ಎಂಬ ಇಚ್ಛೆ. ‘ಕೊಡ’ ಎಂದಾಗ ಮನಸ್ಸಿಗೆ ಕೊಡ ಬರುವುದು ಆ ಶಕ್ತಿಯಿಂದ. ಅದರಿಂದ ಕೊಡ ತುಂಬುವುದಿಲ್ಲ.

ಈ ಶಕ್ತಿಯ ವಿಚಾರ ನಿಜವಾಗಿ ಕೆಲಸಕ್ಕೆ ಬರುವುದು ಇನ್ನೊಂದು ಕಡೆ. ಹೊಸ ಅಪ್ಪ ಅಮ್ಮಂದಿರ ನಡುವೆ ಈಗ ನಡೆಯುವ ಚರ್ಚೆ ಇದು: ಮಗುವಿಗೆ ಅನಿರುದ್ಧ ಎಂದು ಇಡುವುದೋ, ಅನಿ ಎಂದೇ ಇಟ್ಟುಬಿಡುವುದೋ? ‘ಹೇಗೂ ಮನೇಲಿ ಅನಿ ಅಂತ ತಾನೆ ಕರೆಯೋದು, ಬರ್ತ್ ಸರ್ಟಿಫಿಕೇಟಿನಲ್ಲೂ ಅದನ್ನೇ ಬರೆಸೋಣ.’ ಒಂದೇ ಅಂಗಿಯ ಎರಡು ಅಳತೆ ನೋಡಿ ಆರಿಸುವ ಹಾಗೆ ಮಾತಾಡುತ್ತಾರೆ. ಆದರೆ ಅಲ್ಲಿ ಇರುವುದು ಎರಡು ಅಳತೆಯೇ ಹೌದೇ?

ವಿಶ್ವನಾಥ ಪಂಚಾನನರ ಹೆಸರಿನಲ್ಲಿ ಪ್ರಸಿದ್ಧವಾದ ‘ನ್ಯಾಯಸಿದ್ಧಾಂತಮುಕ್ತಾವಳಿ’ಯಲ್ಲಿ ಇಂಥದೇ ಒಂದು ತೊಡಕು ಎದುರಾಗುತ್ತದೆ. ಶಕ್ತಿ ಎಂದರೆ ಈಶ್ವರನ ಇಚ್ಛೆ ಎನ್ನುವುದು ಹಳಬರ ಮತ. ಹಾಗಾದರೆ ನಿನ್ನೆ ಮೊನ್ನೆ ಹುಟ್ಟಿದ ಕೂಸಿಗೆ ಅಪ್ಪ ಇಟ್ಟ ಹೆಸರಿನ ಗತಿ? ಅದಕ್ಕೂ ಶಕ್ತಿ ಇದೆ, ಹನ್ನೊಂದನೆಯ ದಿನ ತಂದೆ ಹೆಸರಿಡಬೇಕೆಂಬ ವಿಧಿಯಲ್ಲೇ ಈಶ್ವರನ ಒಪ್ಪಿಗೆ ಸೇರಿಕೊಂಡಿದೆ ಎನ್ನುತ್ತಾರೆ ಸಂಪ್ರದಾಯದವರು. ವಿಧಿಯ ಹೊರಗೆ ಯಾರೋ ಮಾಡಿಕೊಂಡ ಹೊಸ ಸಂಕೇತಕ್ಕೆ ಮಾತ್ರ ಶಕ್ತಿ ಇಲ್ಲ. ಹೊಸ ನೈಯಾಯಿಕರಾದ ನವ್ಯರು ಇದನ್ನು ಒಪ್ಪಲಿಲ್ಲ. ಯಾರ ಇಚ್ಛೆಯಾದರೇನು, ಇಚ್ಛೆ ಇದ್ದರೆ ಸಾಕು, ಇವತ್ತು ಹುಟ್ಟಿದ ಸಂಕೇತಕ್ಕೂ ಶಕ್ತಿ ಉಂಟು ಎಂದರು. ನನ್ನ ಒಲವು ನವ್ಯರ ಕಡೆಗೆ. ಅಪ್ಪ ಶಾಸ್ತ್ರೋಕ್ತವಾಗಿ ಇಟ್ಟದ್ದಕ್ಕೆ ಮಾತ್ರ ಶಕ್ತಿ, ಅತ್ತೆ ಎತ್ತಿ ಆಡಿಸುತ್ತಾ ಕರೆದದ್ದಕ್ಕಿಲ್ಲ ಎಂದರೆ ಆಡುವ ಜನರ ಅನುಭವಕ್ಕೇ ವಿರುದ್ಧ.

ಆದರೆ ನವ್ಯರನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮೊಟಕು ಹೆಸರು ಮಗುವನ್ನು ತಿಳಿಸುವುದು ತನ್ನ ಸ್ವಂತ ಶಕ್ತಿಯಿಂದಲೋ, ಪೂರ್ಣ ಹೆಸರಿನಿಂದ ಕಡ ತಂದ ಶಕ್ತಿಯಿಂದಲೋ? ಹೆಸರಿನ ಒಂದು ತುಂಡು ಹೇಳಿದರೆ ಇಡೀ ಹೆಸರು ಹೇಳಿದಂತೆ ಎಂಬುದು ವೈಯಾಕರಣರ ನಾಮೈಕದೇಶ ನ್ಯಾಯ. ಭೀಮ ಎಂದರೆ ಭೀಮಸೇನ, ಭಾಮಾ ಎಂದರೆ ಸತ್ಯಭಾಮಾ. ಗಮನಿಸಿ, ಅಲ್ಲಿ ತುಂಡು ಮೊದಲು ಇಡೀ ಹೆಸರನ್ನು ನೆನಪಿಗೆ ತರುತ್ತದೆ, ಆಮೇಲೆ ಆಸಾಮಿಯನ್ನು. ಇಡೀ ಹೆಸರೇ ಇಲ್ಲದ ಕಡೆ ಈ ನ್ಯಾಯಕ್ಕೆ ನೆಲೆಯಿಲ್ಲ.

ಕಡವೋ ಸ್ವಂತವೋ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಬಹುದು. ‘ವೆಂಕಟೇಶನೇ ವೆಂಕಿ’ ಎಂದು ಯಾರಿಗಾದರೂ ಹೇಳಿ ನೋಡಿ. ಅದರಲ್ಲೇನು ಹೊಸದು ಎನ್ನುತ್ತಾರೆ. ‘ಪುಟ್ಟಪ್ಪನವರೇ ಕುವೆಂಪು’ ಎಂದು ಆರನೇ ಕ್ಲಾಸಿನ ಹುಡುಗನಿಗೆ ಹೇಳಿ. ಅದು ಅವನಿಗೆ ಸುದ್ದಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರ ಮೊದಲ ಅಕ್ಷರಗಳನ್ನು ಹೆಕ್ಕಿ ಕಟ್ಟಿದ್ದೇ ಕುವೆಂಪು. ಹುಟ್ಟಿನಲ್ಲಿ ಅದು ಅಪ್ಪಟ ಮೊಟಕು. ಆದರೆ ಆ ಮೂರು ಪದಗಳಲ್ಲಿ ಒಂದನ್ನೂ ಅರಿಯದವರು ಕುವೆಂಪು ನಗರಕ್ಕೆ ಬಸ್ ಹತ್ತುತ್ತಾರೆ, ಕುವೆಂಪು ಪದ್ಯ ಬಾಯಿಪಾಠ ಒಪ್ಪಿಸುತ್ತಾರೆ. ಕಡದ ಶಕ್ತಿ ಎಂದೋ ತೀರಿ ಸ್ವಂತದ್ದು ಬಂದಿದೆ. ಎರಡು ಹೆಸರು ಒಬ್ಬರನ್ನೇ ತಿಳಿಸಿದರೂ ‘ಇದೇ ಅದು’ ಎನ್ನುವುದು ಹೇಗೆ ಹೊಸ ತಿಳಿವಳಿಕೆಯಾದೀತು ಎಂದು 1892ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಫ್ರೆಗೆ ಬೆಳಗಿನ ನಕ್ಷತ್ರ, ಸಂಜೆಯ ನಕ್ಷತ್ರ ಎಂಬ ಶುಕ್ರಗ್ರಹದ ಎರಡು ಹೆಸರುಗಳನ್ನು ಇಟ್ಟುಕೊಂಡು ಕೇಳಿದ್ದು ಇದನ್ನೇ. ಕನ್ನಡಿಗರಿಗೆ ಶುಕ್ರಗ್ರಹದ ತನಕ ಹೋಗುವ ಅಗತ್ಯವಿಲ್ಲ.

ಪರೀಕ್ಷೆಗೊಂದು ಆಕ್ಷೇಪ ಬರಬಹುದು. ನಾರಾಯಣನೇ ನಾಣಿ, ಶ್ರೀನಿವಾಸನೇ ಸೀನ, ಕೃಷ್ಣನೇ ಕಿಟ್ಟಿ. ನಮಗೆ ಇವು ಸುದ್ದಿಯಲ್ಲ, ಆಫೀಸಿನ ಪಂಜಾಬಿ ಗೆಳೆಯನಿಗೆ ಸುದ್ದಿ. ಹಾಗಾದರೆ ನಾಣಿ ಸ್ವಂತವೋ ಕಡವೋ? ಕಡವೇ, ಆದರೆ ಆ ಕಡ ನಡೆಯುವುದು ಮೊಟಕು ಮಾಡುವ ರೂಢಿ ಬಲ್ಲ ಊರಿನೊಳಗೆ. ರೂಢಿಗೂ ನಿಯಮ ಉಂಟು. ಪಾಣಿನಿ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಮನುಷ್ಯರ ಹೆಸರು ಮೊಟಕು ಮಾಡುವ ಬಗೆಗೆ ಸೂತ್ರಗಳನ್ನೇ ಇಟ್ಟಿದ್ದಾನೆ: ಕನಿಕರ, ಅಕ್ಕರೆ ತೋರುವಾಗ ಎರಡನೆಯ ಸ್ವರದಿಂದಾಚೆಗಿನದು ಕಳಚುತ್ತದೆ, ಪ್ರತ್ಯಯ ಬಂದು ಕೂರುತ್ತದೆ. ದೇವದತ್ತ ಹೋಗಿ ದೇವಿಕ, ದೇವಿಯ, ದೇವಿಲ. ನನಗೆ ಬಹಳ ಹಿಡಿಸಿದ್ದು ಅವನು ಹಾಕಿದ ಷರತ್ತು. ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಸ್ವರ ಇರಬೇಕು. ಆರ್ಯ, ಇಶಾ, ವಿಹಾ ಎಂದು ಎರಡೇ ಅಕ್ಷರಕ್ಕೆ ಮುಗಿಸುವ ಈಗಿನವರ ಮಕ್ಕಳ ಹತ್ತಿರ ಪಾಣಿನಿಯ ಕತ್ತರಿಗೆ ಕೆಲಸವೇ ಇಲ್ಲ.

‘ಹೆಸರು ಬರೀ ಗುರುತು’ ಎಂಬ ಮಾತಿನ ದೊಡ್ಡ ವಕೀಲ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. 1843ರ ತನ್ನ ತರ್ಕಗ್ರಂಥದಲ್ಲಿ ಆಲಿಬಾಬನ ಕತೆಯನ್ನು ಎಳೆದು ತಂದು, ಕಳ್ಳ ಮನೆಗೆ ಹಚ್ಚಿದ ಸೀಮೆಸುಣ್ಣದ ಗುರುತಿನಂತೆ ಅಂಕಿತನಾಮ ಎಂದ. ವಸ್ತುವನ್ನು ತೋರಿಸುತ್ತದೆ, ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೆಸರು ಗುಣವರ್ಣನೆಯಲ್ಲ ಎಂಬಷ್ಟಕ್ಕೆ ಅವನ ಮಾತು ಸರಿ. ಶಾಂತಾ ಎಂಬುವಳು ಜಗಳಗಂಟಿಯಾದರೆ ಹೆಸರು ಸುಳ್ಳಾಗುವುದಿಲ್ಲ. ಅಲ್ಲಿಂದ ಮುಂದೆ ಅವನ ಜೊತೆ ಹೋಗಲಾರೆ. ಗೆರೆಯಷ್ಟೇ ಆಗಿದ್ದರೆ ಉದ್ದ ಗೆರೆಗೂ ಗಿಡ್ಡ ಗೆರೆಗೂ ವ್ಯತ್ಯಾಸವಿಲ್ಲ. ಅದೇ ಹುಡುಗನನ್ನು ಅಮ್ಮ ‘ಸೀನ’ ಎಂದಾಗಲೂ, ಸಿಟ್ಟು ಬಂದು ‘ಶ್ರೀನಿವಾಸಾ’ ಎಂದು ಪೂರ್ತಿ ಕರೆದಾಗಲೂ ಒಂದೇ ಆಗಬೇಕಿತ್ತು. ಹುಡುಗನಿಗೆ ಗೊತ್ತು, ಎರಡನೆಯದಕ್ಕೆ ಓಡಿಯೇ ಬರಬೇಕು. ಮಿಲ್‌ನ ಹೆಸರಿನಲ್ಲಿರುವ ಸ್ಟುವರ್ಟ್ ಕೂಡ ಸುಮ್ಮನೆ ಬಂದದ್ದಲ್ಲ, ಅವನ ತಂದೆಗೆ ಆಸರೆಯಾಗಿದ್ದ ಸರ್ ಜಾನ್ ಸ್ಟುವರ್ಟ್ ಎಂಬ ಧಣಿಯ ಋಣ. ಅಂಥ ಹೆಸರು ಹೊತ್ತವನು ಸೀಮೆಸುಣ್ಣದ ಉಪಮೆ ಕೊಟ್ಟದ್ದು ನನಗೆ ಇನ್ನೂ ವಿಚಿತ್ರ.

ಮೊಟಕು ಎಂದರೆ ಅಕ್ಕರೆ ಎಂದುಕೊಂಡು ಇಷ್ಟು ಬರೆದೆ. ಅದು ಅರ್ಧ ಮಾತ್ರ. ಪಾಣಿನಿಯಲ್ಲಿ ಕನಿಕರಕ್ಕೆ ಬರುವ ‘ಕ’ ಪ್ರತ್ಯಯವೇ ತಾತ್ಸಾರಕ್ಕೂ ಬರುತ್ತದೆ, ಎರಡು ಸೂತ್ರದ ಅಂತರದಲ್ಲಿ. ನಮ್ಮ ಹಳ್ಳಿಗಳಲ್ಲೂ ಹಾಗೇ ನಡೆಯಿತು. ತಿಮ್ಮಪ್ಪಯ್ಯ ಜಗಲಿಯ ಮೇಲೆ, ತಿಮ್ಮ ಅಂಗಳದಲ್ಲಿ. ಮಾರ, ಕರಿಯ, ಚೌಡ ಎಂದು ಧಣಿಗಳು ಕೂಗಿದ್ದು ಪ್ರೀತಿಯ ಮೊಟಕಲ್ಲ. ಆ ಕರೆಯ ಹಿಂದೆ ಪೂರ್ಣ ಹೆಸರೊಂದು ಇರಬಹುದು ಎಂದು ಕೂಗಿದವರು ಯೋಚಿಸಿದ್ದೂ ಇಲ್ಲ. ಶೂದ್ರನ ಹೆಸರು ಹೇಸಿಕೆ ಹುಟ್ಟಿಸುವಂತಿರಲಿ ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸಿದೆ. ಹೆಸರು ಬರೀ ಗುರುತಾಗಿದ್ದರೆ ಮನುವಿಗೆ ಆ ಶ್ಲೋಕದ ಅಗತ್ಯ ಬೀಳುತ್ತಿರಲಿಲ್ಲ. ಅಪ್ಪ, ಅಯ್ಯ ಸೇರಿಸಿ ಮಕ್ಕಳ ಹೆಸರನ್ನು ಶಾಲೆಯ ದಾಖಲೆಗೆ ಉದ್ದಮಾಡಿ ಬರೆಸಿದ ತಾಯ್ತಂದೆಯರು ಮಿಲ್‌ಗಿಂತ ಚೆನ್ನಾಗಿ ಇದನ್ನು ಬಲ್ಲವರು.

ಅನಿ, ಅನಿರುದ್ಧರ ಚರ್ಚೆಯಲ್ಲಿ ನನಗೆ ಕಾಣುವುದು ಇಷ್ಟು. ದಾಖಲೆಯಲ್ಲಿ ಅನಿ ಎಂದು ಬರೆಸಿದ ಕ್ಷಣ ಅದು ಮೊಟಕಾಗಿ ಉಳಿಯುವುದಿಲ್ಲ, ಎರಡು ಅಕ್ಷರದ ಪೂರ್ಣ ಹೆಸರಾಗುತ್ತದೆ. ಮನೆಯವರು ಅದರ ಮೇಲೆ ಇನ್ನೊಂದು ಮುದ್ದು ಹೆಸರು ಹುಡುಕುತ್ತಾರೆ, ಚಿಂಟೂನೋ ಬಂಟಿಯೋ, ಯಾವುದರ ತುಂಡೂ ಅಲ್ಲದ್ದು. ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ನಕ್ಷತ್ರನಾಮ, ಮಾಸನಾಮ, ಕುಲದೇವರ ಹೆಸರು, ವ್ಯವಹಾರನಾಮ ಎಂದು ನಾಲ್ಕು ಸಾಲು ಗೀಚುವ ಮನೆಗಳಲ್ಲೂ ಮುದ್ದಿನ ಹೆಸರಿಗೊಂದು ಸಾಲಿಲ್ಲ. ಅದನ್ನು ಯಾರೂ ಕೂತು ಆರಿಸುವುದಿಲ್ಲ. ತೊದಲುವ ಅಕ್ಕನ ಬಾಯಲ್ಲಿ ಅದು ತಾನಾಗಿ ತುಂಡಾಗುತ್ತದೆ.

ದಾಖಲೆಗೆ ಹೆಸರು ಬರೆಸಲು ಅವಸರವೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆಯೇ ಜನನ ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ. 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಬರ್ತ್ ಸರ್ಟಿಫಿಕೇಟೇ ಜನನದ ಆಧಾರವಾದ್ದರಿಂದ ಅಲ್ಲಿ ಬರೆಸಿದ್ದನ್ನು ಮುಂದೆ ತಿದ್ದಿಸುವುದು ಸಣ್ಣ ತಲೆನೋವಲ್ಲ. ಅಮೆರಿಕದಲ್ಲಿರುವ ಕನ್ನಡದವರು, ಅನಿರುದ್ಧ ಎನ್ನಲು ಅಲ್ಲಿನ ಟೀಚರಿಗೆ ನಾಲಿಗೆ ಹೊರಳುವುದಿಲ್ಲ, ಅನಿ ಎಂದೇ ಬರೆಸುತ್ತೇವೆ ಎನ್ನುತ್ತಾರೆ. ಬರೆಸಲಿ, ಆ ಟೀಚರಿಗೆ ಅನಿ ಯಾವುದರ ತುಂಡೂ ಅಲ್ಲ, ಹೊಸದೇ ಒಂದು ಸಂಕೇತ, ನವ್ಯರು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಉದ್ದದ್ದನ್ನೇ ಗಿಡ್ಡ ಮಾಡಿ ಇಟ್ಟೆವು ಎಂದು ಊರಿನ ಅಜ್ಜಿಗೆ ಫೋನಿನಲ್ಲಿ ಸಮಾಧಾನ ಹೇಳುವುದು ಬೇಡ.