ಕೊಟ್ಟ ಮೇಲೂ ಉಳಿಯುವ ವಸ್ತು

ಕಂಪ್ಯೂಟರ್ ಬದಲಿಸುವಾಗ ಹಲವರಿಗೆ ತಡವಾಗಿ ಹೊಳೆಯುವ ಪ್ರಶ್ನೆಯೊಂದಿದೆ: ಹಳೆಯದರಲ್ಲಿದ್ದ ವಿಂಡೋಸ್‌ಗೆ ಆಗಲೇ ದುಡ್ಡು ಕೊಟ್ಟಾಗಿದೆಯಲ್ಲ, ಅದನ್ನೇ ಹೊಸದಕ್ಕೆ ಹಾಕಿಕೊಂಡರಾಗದೆ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಯಂತ್ರಗಳಿಗೆ ಮುಂದಿನ ದಾರಿಯೂ ಮುಚ್ಚಿತು. ಹೀಗಾಗಿ ಈ ಪ್ರಶ್ನೆ ಈಗ ಇನ್ನಷ್ಟು ಮನೆಗಳಿಗೆ ಬಂದಿದೆ.

ಉತ್ತರ ನಾವು ಕೊಂಡ ಪರವಾನಗಿಯ ಬಗೆಯಲ್ಲಿದೆ. ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ಜೊತೆ ಬರುವುದು ಒಇಎಂ ಪರವಾನಗಿ. ಅದು ಹುಟ್ಟಿದ ಯಂತ್ರಕ್ಕೇ ಅಂಟಿಕೊಂಡದ್ದು, ಯಂತ್ರದ ಜೊತೆಗೇ ಮುಗಿಯುವಂಥದ್ದು. ಮೊದಲು ಅದರ ಕೀಯನ್ನು ಯಂತ್ರದ ಮೇಲಿನ ಚೀಟಿಯಲ್ಲಿ ಅಚ್ಚು ಹಾಕುತ್ತಿದ್ದರು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಮದರ್‌ಬೋರ್ಡಿನೊಳಗೇ ಹುದುಗಿಸಿಡುತ್ತಾರೆ. ಬಿಡಿಯಾಗಿ ಕೊಂಡ ರೀಟೇಲ್ ಪರವಾನಗಿ ಹಾಗಲ್ಲ. ಅದರ 25 ಅಕ್ಷರಗಳ ಕೀ ಕೊಂಡವರ ಜೊತೆ ಯಂತ್ರದಿಂದ ಯಂತ್ರಕ್ಕೆ ಹೋಗಬಲ್ಲದು. ಷರತ್ತು ಒಂದೇ: ಒಮ್ಮೆಗೆ ಒಂದೇ ಯಂತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುವವರು ರ್‍ಯಾಮ್ ಬೆಲೆಗೆ ಚೌಕಾಶಿ ಮಾಡುವಾಗಲೇ ಪರವಾನಗಿ ಯಾವ ಬಗೆಯದೆಂದೂ ಕೇಳಿಕೊಳ್ಳುವುದು ಒಳ್ಳೆಯದು. ಮದರ್‌ಬೋರ್ಡ್ ಬದಲಿಸಿದರೂ ಸಾಕು, ವಿಂಡೋಸ್‌ನ ಕಣ್ಣಿಗೆ ಅದು ಬೇರೆಯದೇ ಯಂತ್ರ.

ವರ್ಗಾವಣೆಯ ಕೆಲಸ ಎರಡು ಹೆಜ್ಜೆಯದು. ಮೊದಲು ಹಳೆಯ ಯಂತ್ರದಿಂದ ಕೀ ತೆಗೆಯಬೇಕು, ಆಮೇಲೆ ಹೊಸದರಲ್ಲಿ ಹಾಕಬೇಕು. ತೆಗೆಯಲು 'ಎಸ್‌ಎಲ್‌ಎಂಜಿಆರ್' ಎಂಬ ಪುಟ್ಟ ಆಜ್ಞೆಯಿದೆ, ನಿಮಿಷದ ಕೆಲಸ. ಎರಡನೆಯ ಹೆಜ್ಜೆಯನ್ನು ಯಾರೂ ಮರೆಯುವುದಿಲ್ಲ, ಅದಿಲ್ಲದೆ ಹೊಸ ಯಂತ್ರ ಪೀಡಿಸುತ್ತಲೇ ಇರುತ್ತದೆ. ತಪ್ಪಿಹೋಗುವುದು ಮೊದಲನೆಯದೇ. ತೆಗೆದಿರಾ ಎಂದು ಮನೆಗೆ ಬಂದು ನೋಡುವವರಾದರೂ ಯಾರು?

ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರ ಜುಲೈ 3ರಂದು ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ಕಂಪನಿಗಳ ನಡುವಿನ ಮೊಕದ್ದಮೆಯಲ್ಲಿ ತೀರ್ಪು ನೀಡುವಾಗ, ಪರವಾನಗಿಯನ್ನು ಇನ್ನೊಬ್ಬರಿಗೆ ಮಾರುವ ವಿಚಾರದಲ್ಲಿ ಇಂಥದೇ ಎರಡು ಹೆಜ್ಜೆಗಳನ್ನು ತೂಗಿನೋಡಿತು. ಕಾಲಮಿತಿಯಿಲ್ಲದ ಪರವಾನಗಿಗೆ ಹಣ ಪಡೆದ ಕಂಪನಿ, ಕೊಂಡವರು ಅದನ್ನು ಮತ್ತೊಬ್ಬರಿಗೆ ಮಾರುವುದನ್ನು ತಡೆಯುವಂತಿಲ್ಲ ಎಂದಿತು. ಅದೇ ಉಸಿರಿನಲ್ಲಿ, ಮಾರುವವರು ತಮ್ಮ ಪ್ರತಿಯನ್ನು ಬಳಸಲಾಗದಂತೆ ಮಾಡಲೇಬೇಕು ಎಂದೂ ಹೇಳಿತು. ಕಂಪನಿಗೊಂದು ಮಿತಿ, ಬಳಕೆದಾರರಿಗೊಂದು ಮಿತಿ.

ಸೈಕಲ್ ಮಾರಿದರೆ ಸೈಕಲ್ ಮನೆಯಲ್ಲಿ ಉಳಿಯುವುದಿಲ್ಲ. ಕೊಡುವುದೂ ಕಳೆದುಕೊಳ್ಳುವುದೂ ಅಲ್ಲಿ ಒಂದೇ ಕ್ರಿಯೆ, ಅದರಲ್ಲಿ ನಮ್ಮ ಪ್ರಾಮಾಣಿಕತೆಯ ಹೆಚ್ಚುಗಾರಿಕೆಯೇನಿಲ್ಲ. ತಂತ್ರಾಂಶ ಹಾಗಲ್ಲ, ಕೊಟ್ಟ ಮೇಲೂ ಇದ್ದಲ್ಲೇ ಇರುತ್ತದೆ. ಅಲ್ಲಿ ಬಿಟ್ಟುಕೊಡುವುದು ತಾನಾಗಿ ಆಗುವುದಿಲ್ಲ, ನಾವೇ ಮಾಡಬೇಕು. ಪೊಲೀಸರಿಲ್ಲದ ಈ ಒಂದು ನಿಮಿಷದಲ್ಲಿ ನಾವು ಏನು ಮಾಡುತ್ತೇವೆ ಎಂಬುದೇ ನಮ್ಮ ನಿಜವಾದ ಸಹಿ.

ಹಾಗೆಂದು ಕೀ ತೆಗೆದ ಹಳೆಯ ಯಂತ್ರ ಮೂಲೆ ಸೇರಬೇಕಿಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿ, ಓದುವ ಮಕ್ಕಳಿಗೆ ಕೊಡಬಹುದು. 1992ರಿಂದ ಅದರ ತಿರುಳು ಜಿಪಿಎಲ್ ಎಂಬ ಪರವಾನಗಿಯಡಿ ಇದೆ; ಎಷ್ಟು ಯಂತ್ರಗಳಿಗೆ ಹಾಕಿದರೂ, ಎಷ್ಟು ಜನಕ್ಕೆ ಹಂಚಿದರೂ ತಕರಾರಿಲ್ಲ. ಒಂದು ಬಿಟ್ಟುಕೊಡುವ ಪ್ರಾಮಾಣಿಕತೆ, ಇನ್ನೊಂದು ಹಂಚಿಕೊಳ್ಳುವ ಔದಾರ್ಯ. ಹಳೆಯ ಕಂಪ್ಯೂಟರ್ ಒಂದರಲ್ಲೇ ಎರಡಕ್ಕೂ ಜಾಗವಿದೆ.