ರೀಸ್ಲಿಂಗ್‌ನ ಸಿಹಿ ಎಲ್ಲಿದೆ?

ರಸವೆಂಬುದು ದ್ರವ್ಯದ ಗುಣ, ನಾಲಿಗೆ ಅದನ್ನು ಗ್ರಹಿಸುತ್ತದೆ ಅಷ್ಟೆ. ನ್ಯಾಯಶಾಸ್ತ್ರದ ಪ್ರವೇಶಗ್ರಂಥವಾದ ಅನ್ನಂಭಟ್ಟನ ‘ತರ್ಕಸಂಗ್ರಹ’ ಪಾಠ ಮಾಡುವಾಗೆಲ್ಲ ಇದನ್ನು ಹೇಳುತ್ತಿದ್ದೆ. ಹುಡುಗರು ತಕರಾರು ಎತ್ತುತ್ತಿರಲಿಲ್ಲ. ಎತ್ತಿದ್ದು ಜರ್ಮನಿಯ ಮೋಸೆಲ್ ಕಣಿವೆಯ ಬಿಳಿ ವೈನು, ರೀಸ್ಲಿಂಗ್. (ಮಗಳು ಟ್ರಿಯರ್‌ನಲ್ಲಿದ್ದಾಳೆ. ಮಡಿವಂತ ನೆಂಟರು ಇಲ್ಲಿಗೇ ಓದು ನಿಲ್ಲಿಸಬಹುದು.)

ಅಲ್ಲಿನ ಸೀಸೆಗಳ ಮೇಲೆ ಕಾಬಿನೆಟ್, ಸ್ಪೇಟ್ಲೇಸೆ, ಔಸ್ಲೇಸೆ ಎಂದು ಬರೆದಿರುತ್ತದೆ. ಇವು ವೈನಿನ ಸಿಹಿಯ ಮೆಟ್ಟಿಲುಗಳೆಂದು ಬಹಳ ಜನ ನಂಬಿದ್ದಾರೆ. ನಿಜಕ್ಕೂ ಅವು ಹಣ್ಣು ಎಷ್ಟು ಮಾಗಿತ್ತು ಎಂಬುದರ ಲೆಕ್ಕ. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿದರೆ ಸ್ಪೇಟ್ಲೇಸೆಯೂ ಡ್ರೈ ಆಗುತ್ತದೆ. ನಡುವೆಯೇ ತಣ್ಣಗಾಗಿಸಿ ಹುದುಗು ನಿಲ್ಲಿಸಿದರೆ ಸಿಹಿ ಉಳಿಯುತ್ತದೆ. ‘ಟ್ರೋಕನ್’, ಅಂದರೆ ಡ್ರೈ, ಎಂದು ಬರೆಯಲು ಲೀಟರಿಗೆ 4 ಗ್ರಾಂ ಸಕ್ಕರೆ ಮಿತಿ. ಆದರೆ ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಸಲ್ಲುತ್ತದೆ. ಸಿಹಿಯನ್ನು ಸಕ್ಕರೆಯೊಂದರಿಂದಲೇ ನಿರ್ಣಯಿಸಲಾಗದು ಎಂದು ಕಾನೂನೇ ಒಪ್ಪಿಕೊಂಡಂತಾಯಿತು!

ಹಾಗಿದ್ದರೆ ಸಿಹಿ ವಸ್ತುವಿನಲ್ಲಿದೆಯೋ, ನಾಲಿಗೆಯಲ್ಲೋ? ನೈಯಾಯಿಕರಿಗೆ ಇದು ಹೊಸ ಪ್ರಶ್ನೆಯೇನಲ್ಲ. ನೀರಿನ ರಸ ಮಧುರ ಎಂದು ಅವರ ಮತ. ನಮಗೇಕೆ ಅದು ತಿಳಿಯದು ಎಂದರೆ, ಅಳಲೆಕಾಯಿ ತಿಂದು ಕುಡಿದು ನೋಡು, ಇದ್ದ ಸಿಹಿಯೇ ವ್ಯಕ್ತವಾಗುತ್ತದೆ ಎಂದು ವಿಶ್ವನಾಥನ ‘ಮುಕ್ತಾವಳಿ’ ಉತ್ತರಿಸುತ್ತದೆ. ಗುಣ ಇರುವುದು ಬೇರೆ, ತೋರುವುದು ಬೇರೆ. ಆ ಸಿಹಿ ನೀರಿನದಲ್ಲ, ನಾಲಿಗೆಯಲ್ಲಾಗುವ ಬದಲಾವಣೆಯದು ಎಂಬುದು ಇಂದಿನ ವಿವರಣೆ. ಆಗಲಿ, ಉದಾಹರಣೆ ಬಿದ್ದೀತು. ಆ ಭೇದ ಬೀಳುವುದಿಲ್ಲ. ರೀಸ್ಲಿಂಗ್‌ನಲ್ಲಿ ಹುಳಿ ಮಾಡುವುದೂ ಅದನ್ನೇ, ತಿರುವುಮುರುವಾಗಿ: ಸಕ್ಕರೆ ಇದ್ದಲ್ಲೇ ಇರುತ್ತದೆ, ಅದರ ತೋರಿಕೆ ತಗ್ಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಇದರ ವಿರುದ್ಧದ ಪ್ರಸಂಗ. ಸಕ್ಕರೆ ಹೆಸರಿಗಷ್ಟೇ ಇರುವ ಡ್ರೈ ರೀಸ್ಲಿಂಗ್ ಪೀಚ್ ಹಣ್ಣಿನಂತೆ ಘಮ್ಮೆನ್ನುತ್ತದೆ, ಕುಡಿದವರು ಸಿಹಿ ಎನ್ನುತ್ತಾರೆ. ಇಲ್ಲದ ಗುಣ ತೋರಿದ್ದು ಹೇಗೆ? ದೂರದ ಗಂಧದ ಕೊರಡನ್ನು ಕಣ್ಣಲ್ಲಿ ಕಂಡೇ ‘ಪರಿಮಳದ ಚಂದನ’ ಎನ್ನುತ್ತೇವಲ್ಲ, ನ್ಯಾಯದವರು ಅದನ್ನು ಜ್ಞಾನಲಕ್ಷಣ ಪ್ರತ್ಯಾಸತ್ತಿ ಎನ್ನುತ್ತಾರೆ. ಹಿಂದಿನ ಅರಿವು ಈಗಿನ ಪ್ರತ್ಯಕ್ಷದೊಳಗೆ ನುಸುಳುತ್ತದೆ. ಅಲ್ಲಿ ಕಣ್ಣು ಪರಿಮಳ ಹೇಳಿತು, ಇಲ್ಲಿ ಮೂಗು ಸಿಹಿ ಹೇಳುತ್ತದೆ. ವ್ಯತ್ಯಾಸವೆಂದರೆ ಚಂದನಕ್ಕೆ ಪರಿಮಳ ನಿಜವಾಗಿಯೂ ಇದೆ, ಈ ವೈನಿಗೆ ಸಿಹಿಯಿಲ್ಲ. ಆದ್ದರಿಂದ ಇದು ಭ್ರಮೆ.

ಎಲ್ಲವೂ ಅನುಭವ, ವಸ್ತುವಿನಲ್ಲಿ ಏನೂ ಇಲ್ಲ ಎನ್ನುವವರ ಜೊತೆ ನಾನು ಹೋಗಲಾರೆ. ಪರೀಕ್ಷೆ ಸುಲಭ, ಪಾನಕ ಜ್ಯೂಸುಗಳಲ್ಲೂ ನಡೆಯುತ್ತದೆ. ಮೂಗು ಹಿಡಿದು ಕುಡಿಯಿರಿ. ಮೂಗು ತಂದ ಸಿಹಿ ಹೋಗುತ್ತದೆ, ಸಕ್ಕರೆಯದು ಉಳಿಯುತ್ತದೆ.